ಮೊದಲು ತೊಡೆಗೆ ಅಡ್ರಿನಲಿನ್, ಸಿಟ್ರಿಜಿನ್ ಆಮೇಲೆ

ಸಂಕ್ರಾಂತಿಯ ಎಳ್ಳು-ಬೆಲ್ಲ ತಿಂದ ಎರಡು ವರ್ಷದ ಮಗುವಿಗೆ ಹತ್ತು ನಿಮಿಷದಲ್ಲಿ ಮೈತುಂಬ ದದ್ದು ಎದ್ದರೆ, ಮನೆಯಲ್ಲಿ ಮೊದಲು ಕೈ ಹೋಗುವುದು ಅಲರ್ಜಿಯ ತುರಿಕೆಗೆ ಕೊಡುವ ಸಿಟ್ರಿಜಿನ್ ಸಿರಪ್ಪಿಗೆ. ಬರೀ ದದ್ದು, ತುರಿಕೆಯಾದರೆ ಅದು ಸರಿ. ಜೊತೆಗೆ ಬಿಡದ ಕೆಮ್ಮು, ಸುಯ್‌ಗುಟ್ಟುವ ಉಸಿರು, ಒಡೆದ ದನಿ, ಮತ್ತೆ ಮತ್ತೆ ವಾಂತಿ, ಬಿಳಿಚಿಕೊಂಡು ಜೋತುಬೀಳುವುದು ಇವುಗಳಲ್ಲಿ ಒಂದು ಸೇರಿಕೊಂಡರೂ ಅನಾಫಿಲಾಕ್ಸಿಸ್, ಅಂದರೆ ಜೀವಕ್ಕೇ ಕುತ್ತು ತರುವ ತೀವ್ರ ಅಲರ್ಜಿ ಎಂದೇ ತಿಳಿಯಿರಿ. ಮಾತು ಬಾರದ ಕೂಸು ಇದ್ದಕ್ಕಿದ್ದಂತೆ ಮಂಕಾಗಬಹುದು, ಜೊಲ್ಲು ಸುರಿಸಬಹುದು. ಅಲರ್ಜಿ ಇದೆಯೆಂದು ಗೊತ್ತಿರುವ ಕಡಲೆಬೀಜವನ್ನೋ ಗೋಡಂಬಿಯನ್ನೋ ತಿಂದು ಉಸಿರು ಕಟ್ಟುತ್ತಿದ್ದರೆ ದದ್ದಿಗಾಗಿ ಕಾಯಬೇಡಿ. ಕೆಲವು ಮಕ್ಕಳಲ್ಲಿ ಅದು ಏಳುವುದೇ ಇಲ್ಲ.

ಸಿಟ್ರಿಜಿನ್ ತುರಿಕೆಯನ್ನಷ್ಟೇ ಇಳಿಸುತ್ತದೆ, ಅದೂ ನಿಧಾನವಾಗಿ. ಸ್ಟೀರಾಯ್ಡ್‌ಗೆ ಗಂಟೆಗಳೇ ಬೇಕು. ಕುಸಿದ ರಕ್ತದೊತ್ತಡವನ್ನು ಎತ್ತಿ, ಬಿಗಿದ ಶ್ವಾಸನಾಳವನ್ನು ಸಡಿಲಿಸಿ, ಗಂಟಲಿನ ಊತ ಇಳಿಸುವುದು ಅಡ್ರಿನಲಿನ್ ಇಂಜೆಕ್ಷನ್ ಮಾತ್ರ. ವಾಂತಿ ಮಾಡಿಸುವುದು, ಹಾಲು ಕುಡಿಸುವುದು, ಅರಿಶಿನ ಹಚ್ಚುವುದು ಎಲ್ಲವೂ ಕಳೆದುಹೋದ ನಿಮಿಷಗಳೇ.

ಔಷಧಿ ತುಂಬಿಯೇ ಬರುವ ಅಡ್ರಿನಲಿನ್ ಪೆನ್ ನಮ್ಮ ಮೆಡಿಕಲ್ ಶಾಪುಗಳಲ್ಲಿ ಸುಲಭಕ್ಕೆ ಸಿಗದು. ಹಾಗಾಗಿ ಮಕ್ಕಳ ಡಾಕ್ಟರಿಂದ ಚೀಟಿ ಬರೆಸಿ ಕಿಟ್ ಇಟ್ಟುಕೊಳ್ಳಬೇಕು: 1 ಮಿ.ಲೀ.ನಲ್ಲಿ 1 ಮಿ.ಗ್ರಾಂ ಇರುವ ಅಡ್ರಿನಲಿನ್ ಆಂಪೂಲ್ (ಕತ್ತು ಮುರಿದು ತೆರೆಯುವ ಪುಟ್ಟ ಗಾಜಿನ ಸೀಸೆ) ಎರಡು, 1 ಮಿ.ಲೀ. ಸಿರಿಂಜ್ ಎರಡು, 23 ಗೇಜಿನ ಒಂದಿಂಚಿನ ಸೂಜಿಗಳು. ಡೋಸ್ ಕಿಲೋಗೆ 0.01 ಮಿ.ಗ್ರಾಂ. ಅಂದರೆ 10 ಕಿಲೋ ಮಗುವಿಗೆ 0.1 ಮಿ.ಲೀ., 15 ಕಿಲೋಗೆ 0.15, 20 ಕಿಲೋಗೆ 0.2, ಮಕ್ಕಳಿಗೆ 0.3 ಮೀರುವಂತಿಲ್ಲ. ನಿಮ್ಮ ಮಗುವಿನ ಅಂಕಿಯನ್ನು ಡಾಕ್ಟರ್ ಕೈಯಲ್ಲೇ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆಸಿ. ಗಾಬರಿಯಲ್ಲಿ ಯಾರಿಗೂ ಲೆಕ್ಕ ಬರುವುದಿಲ್ಲ. ತೂಕ ಹೆಚ್ಚಿದಂತೆ ತಿದ್ದಿಸಿ.

ದೊಡ್ಡ ಎಡವಟ್ಟು ಆಗುವುದು ಸಿರಿಂಜಿನಲ್ಲಿ. 'ಒಂದು ಎಂಎಲ್ ಸಿರಿಂಜ್' ಎಂದು ಕೇಳಿದರೆ ಇನ್ಸುಲಿನ್ ಸಿರಿಂಜ್ ಕೈಗೆ ಬರಬಹುದು. ಅದರ ಗೆರೆಗಳು ಮಿ.ಲೀ. ಅಲ್ಲ, ಯೂನಿಟ್. 100 ಯೂನಿಟ್ಟಿನದರಲ್ಲಿ 10ರ ಗೆರೆ 0.1 ಮಿ.ಲೀ.; 40 ಯೂನಿಟ್ಟಿನದರಲ್ಲಿ ಅದೇ ಗೆರೆ 0.25 ಮಿ.ಲೀ., ಅಂದರೆ ಎರಡೂವರೆ ಪಟ್ಟು. ಸೂಜಿಯೂ ಗಿಡ್ಡ, ಸ್ನಾಯು ಮುಟ್ಟುವುದಿಲ್ಲ. ಮಿ.ಲೀ. ಗೆರೆಗಳಿರುವ ಟ್ಯೂಬರ್ಕ್ಯುಲಿನ್ ಸಿರಿಂಜ್ ಎಂದೇ ಕೇಳಿ.

ಕೊಡುವಾಗ: ಆಂಪೂಲಿನ ತಲೆಗೆ ತಟ್ಟಿ ಔಷಧಿ ಕೆಳಗಿಳಿಸಿ, ಬಟ್ಟೆ ಸುತ್ತಿ ಕತ್ತು ಮುರಿಯಿರಿ. ಎಳೆದುಕೊಂಡು, ಗಾಳಿ ಹೊರದಬ್ಬಿ, ಗೆರೆಗೆ ಸರಿಮಾಡಿ. ಇನ್ನೊಬ್ಬರು ಮಗುವಿನ ಕಾಲನ್ನು ಬಿಗಿಯಾಗಿ ಹಿಡಿಯಲಿ. ಒದ್ದಾಡುವ ಕಾಲಿನಲ್ಲಿ ಸೂಜಿ ಚರ್ಮ ಸೀಳುತ್ತದೆ. ತೊಡೆಯ ನಡುಭಾಗ, ಹೊರಬದಿಗೆ, ನೇರವಾಗಿ ಚುಚ್ಚಿ. ತೆಳು ಬಟ್ಟೆಯಿದ್ದರೆ ಬಿಚ್ಚುತ್ತ ಕೂರಬೇಡಿ. ಕುಂಡೆಗೆ ಬೇಡ, ತೋಳಿಗೆ ಬೇಡ, ರಕ್ತನಾಳಕ್ಕಂತೂ ಬೇಡವೇ ಬೇಡ. ಆಮೇಲೆ ಕೈ ನಡುಗುವುದು, ಎದೆ ಬಡಿದುಕೊಳ್ಳುವುದು ಔಷಧಿಯ ಗುಣ, ತಾನಾಗಿ ಇಳಿಯುತ್ತದೆ. ಕೊಟ್ಟ ಹೊತ್ತನ್ನು ಮಗುವಿನ ಕೈಮೇಲೆ ಬರೆಯಿರಿ. ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಂದು ತೊಡೆಗೆ ಎರಡನೇ ಡೋಸ್.

ಮಗುವನ್ನು ಅಂಗಾತ ಮಲಗಿಸಿ ಕಾಲು ಮೇಲೆತ್ತಿ. ವಾಂತಿಯಾಗುತ್ತಿದ್ದರೆ ಮಗ್ಗುಲಿಗೆ, ಉಸಿರಾಟ ಕಷ್ಟವಾದರೆ ಕಾಲು ಚಾಚಿ ಕೂರಿಸಿ. ಕೂಸನ್ನು ಹೆಗಲಿಗೆ ಹಾಕಿಕೊಂಡು ತಟ್ಟಬೇಡಿ, ತೋಳಿನಲ್ಲಿ ಅಡ್ಡವಾಗಿ ಹಿಡಿಯಿರಿ. ರಕ್ತದೊತ್ತಡ ಕುಸಿದಿರುವಾಗ ದಿಢೀರನೆ ನಿಲ್ಲಿಸಿದರೆ ಹೃದಯಕ್ಕೆ ಮರಳುವ ರಕ್ತವೇ ನಿಲ್ಲಬಹುದು. ಸ್ಕೂಟರ್ ಮೇಲೆ ನಿಲ್ಲಿಸಿಕೊಂಡು ಓಡುವುದು ಅದಕ್ಕೇ ಅಪಾಯ.

ಅಷ್ಟರಲ್ಲಿ ಒಬ್ಬರು 108ಕ್ಕೆ ಫೋನ್ ಮಾಡಿರಲಿ. ಬೆಂಗಳೂರಿನಲ್ಲಿ ಸಂಜೆ ಆರಕ್ಕೆ ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ 'ನಮ್ಮ ಡಾಕ್ಟರ್' ಇರುವಲ್ಲಿಗೆ ಹೋಗುವ ಹಟ ಬೇಡ. ಎಮರ್ಜೆನ್ಸಿ ಇರುವ ಹತ್ತಿರದ ಆಸ್ಪತ್ರೆಗೆ ನಡೆಯಿರಿ. ಸರ್ಕಾರಿ ಪೈಕಿ ನಿಮ್ಹಾನ್ಸ್ ಬಳಿಯ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಕೆ.ಆರ್. ಮಾರ್ಕೆಟ್ ಹತ್ತಿರದ ವಾಣಿ ವಿಲಾಸ ಆಸ್ಪತ್ರೆ ಇವೆ. ಮಗು ಚೇತರಿಸಿಕೊಂಡಂತೆ ಕಂಡರೂ ಹೋಗಲೇಬೇಕು: ಗಂಟೆಗಳ ನಂತರ ಲಕ್ಷಣ ಮರುಕಳಿಸುವುದುಂಟು, ಕನಿಷ್ಠ 4ರಿಂದ 6 ಗಂಟೆ ನಿಗಾ ಬೇಕು.

ಕಿಟ್ಟನ್ನು ಬಿಸಿಲು ತಾಗದಲ್ಲಿ, 25 ಡಿಗ್ರಿಯೊಳಗೆ ಇಡಿ. ಫ್ರಿಜ್ ಬೇಡ, ಏಪ್ರಿಲ್‌ನಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಅಂತೂ ಬೇಡ. ದ್ರವ ಕಂದು ಬಣ್ಣಕ್ಕೆ ತಿರುಗಿದ್ದರೆ ಬಿಸಾಡಿ. ಅಜ್ಜಿಗೆ, ಪ್ಲೇಹೋಮ್ ಟೀಚರಿಗೆ ನೀರು ತುಂಬಿದ ಸಿರಿಂಜ್ ಕೊಟ್ಟು ಮೂಸಂಬಿಯ ಮೇಲೆ ಅಭ್ಯಾಸ ಮಾಡಿಸಿ.