ಮಳೆ ಲೆಕ್ಕದಲ್ಲಿ 15 ಇಂಚು ಎಲ್ಲಿ ಹೋಯ್ತು?

ನಮ್ಮ ತೋಟ ಸೋಮವಾರಪೇಟೆ ಹತ್ತಿರ. ದೊಡ್ಡಪ್ಪ ದಿನಾ ಬೆಳಿಗ್ಗೆ ಮಳೆ ಅಳೆದು ಇಂಚು, ಸೆಂಟ್ ಲೆಕ್ಕದಲ್ಲಿ ಪುಸ್ತಕಕ್ಕೆ ಬರೆಯುತ್ತಾರೆ. 100 ಸೆಂಟ್‌ಗೆ ಒಂದು ಇಂಚು. ಅದನ್ನು ಕೂಡಿಸಲು ನಾನೊಂದು ಪೈಥಾನ್ ಪ್ರೋಗ್ರಾಂ ಬರೆದಿದ್ದೆ.

ಜುಲೈಗೆ 19 ಇಂಚು ಅಂತ ತೋರಿಸಿತು. ದೊಡ್ಡಪ್ಪ ನಕ್ಕರು. "ಅಷ್ಟೇ ಮಳೆಗೆ ಗದ್ದೆ ದಾರಿ ಮುಳುಗ್ತದಾ ಮಾರಾಯ?"

ಎರರ್ ಒಂದೂ ಬಂದಿರಲಿಲ್ಲ. ಬರೋದಾದ್ರೂ ಹೇಗೆ? ಹಿಂದೊಮ್ಮೆ ಖಾಲಿ ಸಾಲು ಕಾಟ ಕೊಟ್ಟಾಗ ಸುಮ್ನೆ ಟ್ರೈ ಹಾಕಿ, ಕೆಳಗೆ ಎಕ್ಸೆಪ್ಟ್, ಪಾಸ್ ಅಂತ ಬರೆದಿದ್ದೆ. ಅಂದರೆ ಏನೇ ತಪ್ಪಾದರೂ ಬಾಯಿ ಮುಚ್ಚಿಕೊಂಡು ಮುಂದೆ ಹೋಗು ಅಂತ. ಸೋಮಾರಿತನ, ಬೇರೇನಿಲ್ಲ.

ಪಾಸ್ ತೆಗೆದೆ. ಬರೆದದ್ದನ್ನು ಸಂಖ್ಯೆ ಮಾಡಲಾಗದಾಗ ಬರುವ ವ್ಯಾಲ್ಯೂ ಎರರ್ ಮಾತ್ರ ಹಿಡಿದು, ಸಾಲಿನ ನಂಬರನ್ನೂ ಆ ಸಾಲನ್ನೂ ಪ್ರಿಂಟ್ ಮಾಡಿಸಿದೆ. 11 ಸಾಲು ಸಿಕ್ಕವು. ನಾನು ಊರಲ್ಲಿಲ್ಲದಾಗ ತಂಗಿ ಟೈಪ್ ಮಾಡಿದ್ದಳು, ಪುಸ್ತಕದಲ್ಲಿದ್ದ ಹಾಗೇ: '2-40'. ಬರೆದದ್ದನ್ನು ದಶಮಾಂಶ ಸಂಖ್ಯೆಯಾಗಿ ಬದಲಿಸುವ ಪೈಥಾನ್‌ನ ಫ್ಲೋಟ್‌ಗೆ ಆ ಗೀಟು ಅರ್ಥ ಆಗುವುದಿಲ್ಲ.

ಗೀಟಿನ ಜಾಗಕ್ಕೆ ಚುಕ್ಕೆ ಹಾಕಿದೆ. 35.50 ಬಂತು. ಖುಷಿಪಟ್ಟು ಪುಸ್ತಕದ ಜೊತೆ ಹೋಲಿಸಿದರೆ ಈಗ 90 ಸೆಂಟ್ ಜಾಸ್ತಿ! '2-5' ಅಂದರೆ 2 ಇಂಚು 5 ಸೆಂಟ್, ಅಂದರೆ 2.05. ನನ್ನ ಪ್ರೋಗ್ರಾಂ 2.5 ಅಂದುಕೊಂಡಿತ್ತು. '1-5' ಕೂಡ ಹಾಗೇ. ಇದಕ್ಕೆ ಯಾವ ಎರರ್ರೂ ಬರಲ್ಲ, ಅಲ್ವಾ?

ಕೊನೆಗೆ ಗೀಟಿನ ಹತ್ತಿರ ಎರಡು ಭಾಗ ಮಾಡಿ, ಎರಡನೆಯದನ್ನು 100ರಿಂದ ಭಾಗಿಸಿ ಕೂಡಿಸಿದೆ. 34.60. ದೊಡ್ಡಪ್ಪ ಅದನ್ನು ಬಾಯಿಲೆಕ್ಕದಲ್ಲಿ ಆಗಲೇ ಹೇಳಿದ್ದರು.