ಅಳಿಸದೆ ಅಳೆಯುವುದು

ದೊಡ್ಡವರ ವಾರ್ಡಿನಿಂದ ಮಕ್ಕಳ ವಾರ್ಡಿಗೆ ಬಂದಾಗ ನಾನು ಮೊದಲು ಕೈಬಿಟ್ಟದ್ದು ಕೇಸ್ ಶೀಟಿನ ಕ್ರಮವನ್ನು. ಜ್ವರ, ನಾಡಿ, ಉಸಿರು, ರಕ್ತದೊತ್ತಡ ಎಂದು ಅಚ್ಚಾದ ಸಾಲಿನಲ್ಲೇ ನೋಡುತ್ತ ಹೋದರೆ ದೊಡ್ಡವರಲ್ಲಿ ನಡೆಯುತ್ತದೆ. ಹತ್ತು ತಿಂಗಳ ಮಗುವಿನ ಕಂಕುಳಿಗೆ ಮೊದಲೇ ಥರ್ಮಾಮೀಟರ್ ಇಟ್ಟಿರೋ, ಆಮೇಲಿನ ಯಾವ ಅಂಕಿಯನ್ನೂ ನಂಬುವ ಹಾಗಿಲ್ಲ. ಅಳುವ ಮಗುವಿನ ನಾಡಿ ಓಡುತ್ತದೆ, ಉಸಿರು ಏರುತ್ತದೆ, ನೆತ್ತಿಯೂ ಉಬ್ಬುತ್ತದೆ. ಕಾಯಿಲೆ ಎಷ್ಟು, ಅಳು ಎಷ್ಟು ಎಂದು ಬೇರ್ಪಡಿಸುವುದು ಯಾರಿಂದಲೂ ಆಗದು.

ಹಾಗಾಗಿ ನನ್ನ ಕೆಲಸ ಮಂಚದಿಂದ ಎರಡು ಹೆಜ್ಜೆ ದೂರದಲ್ಲೇ ಶುರುವಾಗುತ್ತದೆ. ಮಗು ತಾಯಿಯ ಹೆಗಲ ಮೇಲೆ ಒರಗಿರುವಾಗ ಅಥವಾ ನಿದ್ದೆಯಲ್ಲಿರುವಾಗ, ಅಂಗಿಯನ್ನು ಸ್ವಲ್ಪ ಮೇಲೆತ್ತಲು ತಾಯಿಗೇ ಹೇಳಿ, ಹೊಟ್ಟೆಯ ಏರಿಳಿತವನ್ನು ಗಡಿಯಾರ ನೋಡಿಕೊಂಡು ಎಣಿಸುತ್ತೇನೆ. ಪೂರ್ತಿ ಒಂದು ನಿಮಿಷ. ಎಳೆಯ ಮಕ್ಕಳ ಉಸಿರಿಗೆ ಒಂದೇ ಲಯ ಇರುವುದಿಲ್ಲ. ಎರಡು ಸಲ ಬೇಗ ಬೇಗ ಎಳೆದು ಒಂದು ಗಳಿಗೆ ಸುಮ್ಮನಾಗುತ್ತದೆ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ. ಎರಡು ತಿಂಗಳೊಳಗಿನ ಮಗುವಿಗೆ ನಿಮಿಷಕ್ಕೆ 60, ಅಲ್ಲಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40. ಇದನ್ನು ಮುಟ್ಟಿದರೂ ದಾಟಿದರೂ ವೇಗದ ಉಸಿರಾಟವೆಂದೇ ಲೆಕ್ಕ, ವೈದ್ಯರಿಗೆ ತಿಳಿಸಬೇಕು. ಉಸಿರಾದ ಮೇಲೆ, ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿದ ಸ್ಟೆತಸ್ಕೋಪಿನಿಂದ ಎದೆಬಡಿತ. ಥರ್ಮಾಮೀಟರ್ ಅದರ ನಂತರ. ಕಿವಿ, ಗಂಟಲು, ಸೂಜಿ ಇವೆಲ್ಲ ಕೊನೆಗೆ.

ಯಾವ ವಯಸ್ಸಿನ ಮಗುವಿನ ಹತ್ತಿರ ಹೇಗೆ ಹೋಗಬೇಕು ಎಂಬುದನ್ನು ನರ್ಸಿಂಗ್ ಶಾಲೆಯಲ್ಲಿ ಕೋಷ್ಟಕ ಮಾಡಿ ಬಾಯಿಪಾಠ ಮಾಡಿದ್ದೆವು. ಅದು ಬಳಕೆಗೆ ಬಂದದ್ದು ವಾರ್ಡಿನಲ್ಲಿ. ನಾಲ್ಕು ತಿಂಗಳ ಮಗು ಯಾರೆತ್ತಿಕೊಂಡರೂ ನಗುತ್ತದೆ. ಅದೇ ಮಗು ಎಂಟೊಂಬತ್ತು ತಿಂಗಳಿಗೆ ಬಂದಾಗ ನನ್ನ ಮುಖ ಕಂಡರೆ ಸಾಕು, ತಾಯಿಯ ಸೆರಗಿನೊಳಗೆ ಮುಖ ಹುದುಗಿಸುತ್ತದೆ. "ಮೊದಲು ಹೀಗಿರಲಿಲ್ಲ ಸಿಸ್ಟರ್, ಯಾಕೋ ಹೆದರಿಕೊಂಡಿದೆ, ತಾಯತ ಕಟ್ಟಿಸಬೇಕೇನೋ" ಎನ್ನುತ್ತಾರೆ ತಾಯಂದಿರು. ಹೆದರಿಕೆಯಲ್ಲ, ತನ್ನವರು ಯಾರು, ಹೊರಗಿನವರು ಯಾರು ಎಂದು ಮಗುವಿಗೆ ಗೊತ್ತಾಗತೊಡಗಿದೆ. ಆ ವಯಸ್ಸಿನ ಮಗುವನ್ನು ಮಂಚದ ಮೇಲೆ ಮಲಗಿಸುವುದೇ ಇಲ್ಲ, ತಾಯಿಯ ಮಡಿಲಲ್ಲೇ ಎಲ್ಲ ಪರೀಕ್ಷೆ.

ಮೂರರಿಂದ ಆರು ವರ್ಷದವರದು ಬೇರೆಯೇ ಲೋಕ. ತಾನು ಗಲಾಟೆ ಮಾಡಿದ್ದಕ್ಕೇ ಜ್ವರ ಬಂತು, ಅದಕ್ಕೇ ಶಿಕ್ಷೆಯಾಗಿ ಸೂಜಿ ಚುಚ್ಚುತ್ತಿದ್ದಾರೆ ಎಂದು ಆ ಮಕ್ಕಳು ನಿಜವಾಗಿಯೂ ನಂಬುತ್ತಾರೆ. "ಊಟ ಮಾಡದಿದ್ದರೆ ಸಿಸ್ಟರಿಗೆ ಹೇಳಿ ಇಂಜೆಕ್ಷನ್ ಹಾಕಿಸುತ್ತೇನೆ" ಎನ್ನುವ ಮಾತು ನಮ್ಮ ಕಡೆ ಪ್ರತಿ ಮನೆಯಲ್ಲೂ ಇದೆ. ಅದನ್ನು ನನ್ನ ಎದುರು ಆಡಿದವರಿಗೆ ನಾನು ಖಾರವಾಗಿಯೇ ಹೇಳುತ್ತೇನೆ: ನನ್ನನ್ನು ಗುಮ್ಮ ಮಾಡಬೇಡಿ. ಮಗುವಿಗೂ ಸುಳ್ಳು ಹೇಳುವುದಿಲ್ಲ. "ನೋಯುತ್ತದೆ ಪುಟ್ಟಾ, ಹತ್ತು ಎಣಿಸುವುದರೊಳಗೆ ಮುಗಿಯುತ್ತದೆ, ಅಳಬೇಕೆನಿಸಿದರೆ ಅಳು, ಕೈ ಮಾತ್ರ ಅಲ್ಲಾಡಿಸಬೇಡ." ಚುಚ್ಚಿದ ಜಾಗಕ್ಕೆ ಬ್ಯಾಂಡೇಜ್ ಪಟ್ಟಿ ಹಚ್ಚುವುದನ್ನು ಮರೆಯುವುದಿಲ್ಲ. ಆ ತೂತಿನಿಂದ ರಕ್ತವೆಲ್ಲ ಸೋರಿಹೋಗುತ್ತದೆ ಎಂಬ ಭಯ ನಾಲ್ಕು ವರ್ಷದವರಿಗೆ ನಿಜಕ್ಕೂ ಇರುತ್ತದೆ. ಪಟ್ಟಿ ಕಂಡ ಕೂಡಲೇ ಅಳು ನಿಲ್ಲುವುದು ಅದಕ್ಕೇ.

ಇನ್ನು ತೂಕ. ಈ ವಾರ್ಡಿನಲ್ಲಿ ಎಲ್ಲ ಲೆಕ್ಕವೂ ಕಿಲೋದ ಮೇಲೆ ನಿಂತಿದೆ. ಪ್ಯಾರಸಿಟಮಾಲ್ ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿಲಿಗ್ರಾಂ. ಎಂಟು ಕಿಲೋ ಮಗುವಿಗೆ 80ರಿಂದ 120. ಡ್ರಾಪ್ಸಿನ ಒಂದು ಮಿಲಿಲೀಟರಿನಲ್ಲಿ 100 ಮಿಲಿಗ್ರಾಂ ಇರುತ್ತದೆ. ಸಿರಪ್ಪಿನಲ್ಲಾದರೆ ಐದು ಮಿಲಿಲೀಟರಿಗೆ ಒಂದು ಬಾಟಲಿಯಲ್ಲಿ 125, ಇನ್ನೊಂದರಲ್ಲಿ 250. ಮನೆಯಲ್ಲಿ "ಒಂದು ಮುಚ್ಚಳ ಕೊಟ್ಟೆ" ಎಂದವರ ಬಾಟಲಿಯನ್ನು ತರಿಸಿ ನೋಡದೆ ಮುಂದಿನ ಡೋಸ್ ಕೊಡುವುದಿಲ್ಲ. ಗ್ಲೂಕೋಸ್ ಏರಿಸುವಾಗಲೂ ಅಷ್ಟೇ: ಮೊದಲ ಹತ್ತು ಕಿಲೋವರೆಗೆ ದಿನಕ್ಕೆ ಕಿಲೋಗೆ 100 ಮಿಲಿಲೀಟರ್. ಎಂಟು ಕಿಲೋಗೆ 800, ಗಂಟೆಗೆ ಸುಮಾರು 33. ಮೈಕ್ರೋಡ್ರಿಪ್ ಸೆಟ್ಟಿನಲ್ಲಿ ಒಂದು ಮಿಲಿಲೀಟರಿಗೆ 60 ಹನಿ ಇರುವುದರಿಂದ ನಿಮಿಷಕ್ಕೂ 33 ಹನಿಯೇ. ತೂಕದಲ್ಲಿ ತಪ್ಪಿದರೆ ಈ ಸರಪಳಿಯೆಲ್ಲ ತಪ್ಪುತ್ತದೆ.

ತಕ್ಕಡಿಯ ಮೇಲೆ ಬಟ್ಟೆ ಹಾಸಿ, ಸೊನ್ನೆಗೆ ತಂದು, ಮಗುವಿನ ಬಟ್ಟೆಯನ್ನೆಲ್ಲ ಬಿಚ್ಚಿ ಮಲಗಿಸುತ್ತೇನೆ. ಇಲ್ಲೇ ಅಜ್ಜಿಯರ ಜೊತೆ ಜಟಾಪಟಿ. ಕಾಲಿಗೆ ಬೆಳ್ಳಿ ಕಡಗ, ಕೈಗೆ ಬಳೆ, ಸೊಂಟಕ್ಕೆ ಉಡಿದಾರ, ಕೆಳಗೆ ಒದ್ದೆಯಾದ ಡೈಪರ್. "ಬರಿಮೈಯಲ್ಲಿ ತೂಕ ಹಾಕಿದರೆ ದೃಷ್ಟಿ ತಾಗುತ್ತದೆ ಕಣಮ್ಮಾ." "ದಾರ ಇರಲಿ ಅಜ್ಜಿ, ದೃಷ್ಟಿಬೊಟ್ಟೂ ಇರಲಿ. ಬೆಳ್ಳಿಯನ್ನು ಮಾತ್ರ ನಿಮ್ಮ ಕೈಯಲ್ಲೇ ಹಿಡಿದುಕೊಳ್ಳಿ." ಸ್ವಲ್ಪ ದಿನದಲ್ಲಿ ಗೊತ್ತಾಯಿತು, ಅವರಿಗೆ ತಕ್ಕಡಿಗಿಂತ ಅಂಕಿಯನ್ನು ಎಲ್ಲರೆದುರು ಕೂಗಿ ಹೇಳುವುದೇ ಸಂಕಟ. ಈಗ ನಾನು ಬಾಯಿಬಿಟ್ಟು ಹೇಳುವುದಿಲ್ಲ. ಬರೆದು ತಾಯಿಗೆ ತೋರಿಸುತ್ತೇನೆ. ಜಗಳ ಅರ್ಧಕ್ಕರ್ಧ ಕಡಿಮೆಯಾಗಿದೆ. ಇಷ್ಟು ಹಟ ಏಕೆಂದರೆ, ಒಂಬತ್ತು ತಿಂಗಳ ನಂತರ ಮಗುವಿನ ತೂಕ ಏರುವುದು ತಿಂಗಳಿಗೆ ಸುಮಾರು 250 ಗ್ರಾಂ ಮಾತ್ರ. ಕಡಗವೂ ಒದ್ದೆ ಡೈಪರೂ ಸೇರಿದರೆ ಒಂದು ತಿಂಗಳ ಬೆಳವಣಿಗೆಯನ್ನೇ ನುಂಗಿಬಿಡುತ್ತವೆ.

ಉದ್ದ ಅಳೆಯಲು ಇಬ್ಬರು ಬೇಕು, ಒಬ್ಬರು ತಲೆ ಹಿಡಿದರೆ ಇನ್ನೊಬ್ಬರು ಮಂಡಿ ಒತ್ತಬೇಕು. ಎರಡು ವರ್ಷದವರೆಗೆ ಮಲಗಿಸಿ, ಆಮೇಲೆ ನಿಲ್ಲಿಸಿ. ಎರಡರ ನಡುವೆ ಸುಮಾರು 0.7 ಸೆಂಟಿಮೀಟರ್ ವ್ಯತ್ಯಾಸ ಇರುವುದರಿಂದ ಹೇಗೆ ಅಳೆದೆವೆಂದು ಬರೆಯಲೇಬೇಕು. ಜುಟ್ಟು ಬಿಚ್ಚಿಸಬೇಕು.

ಅಂಕಿ ಸಿಕ್ಕ ಮೇಲೆ ತಾಯಿ ಕಾರ್ಡಿನ ನಕ್ಷೆ. ಅದರಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೇಖೆಗಳು 2006ರಲ್ಲಿ ಬಂದವು; ನಮ್ಮ ದೆಹಲಿಯ ಮಕ್ಕಳೂ ಸೇರಿ ಆರು ದೇಶಗಳ ಮಕ್ಕಳನ್ನು ಅಳೆದು ಮಾಡಿದಂಥವು. ಆದ್ದರಿಂದ "ನಮ್ಮ ಮಕ್ಕಳ ಜಾಯಮಾನವೇ ಸಣ್ಣ" ಎಂಬ ಮಾತಿಗೆ ನಾನು ತಲೆದೂಗುವುದಿಲ್ಲ. ಹಾಗೆಂದು ಬಣ್ಣದ ಪಟ್ಟಿಯೊಂದನ್ನೇ ನೋಡಿದರೂ ಸಾಲದು. ಭೇದಿಯೆಂದು ದಾಖಲಾದ ಹನ್ನೊಂದು ತಿಂಗಳ ಗಂಡುಮಗುವೊಂದರ ಚುಕ್ಕಿ ಹಸಿರು ಪಟ್ಟಿಯಲ್ಲೇ ಇತ್ತು. ಹಿಂದಿನ ಚುಕ್ಕಿಗಳನ್ನು ಸೇರಿಸಿ ಗೆರೆ ಎಳೆದಾಗ ಏಳನೇ ತಿಂಗಳಿನಿಂದ ಅದು ಮೇಲೇರದೆ ನೆಟ್ಟಗೆ ಅಡ್ಡ ಹೋಗಿತ್ತು. ಏನು ತಿನ್ನಿಸುತ್ತೀರಿ ಎಂದೆ. "ರಾಗಿ ಸರಿ, ಹೊತ್ತು ಹೊತ್ತಿಗೆ ಕೊಡುತ್ತೇನೆ" ಎಂದರು ತಾಯಿ. ಮಾಡಿ ತರಲು ಹೇಳಿ ಚಮಚವನ್ನು ಓರೆ ಮಾಡಿದೆ. ನೀರಿನ ಹಾಗೆ ಹರಿದುಹೋಯಿತು. ಬಾಟಲಿಯಲ್ಲಿ ಕುಡಿಸಲು ಅನುಕೂಲವೆಂದು ತೆಳ್ಳಗೆ ಮಾಡುತ್ತಿದ್ದರಂತೆ. ಹೊಟ್ಟೆ ತುಂಬುತ್ತಿತ್ತು, ಕಸುವು ಸಿಗುತ್ತಿರಲಿಲ್ಲ. ತೊಳೆಯಲಾಗದ ನಿಪ್ಪಲ್ಲಿನಿಂದ ಭೇದಿಯೂ ಬರುತ್ತಿದ್ದಿರಬೇಕು. ಓರೆ ಮಾಡಿದರೂ ಚಮಚದಲ್ಲೇ ನಿಲ್ಲುವಷ್ಟು ಗಟ್ಟಿ, ಮೇಲೊಂದು ಚಮಚ ತುಪ್ಪ ಅಥವಾ ಎಣ್ಣೆ, ಬಟ್ಟಲು-ಚಮಚದಲ್ಲೇ ಊಟ, ಎದೆಹಾಲು ಬಿಡುವಂತಿಲ್ಲ. ಇಷ್ಟನ್ನು ನಾನು ಬರಿದೆ ಹೇಳುವುದಿಲ್ಲ, ಅಲ್ಲೇ ಅವರ ಕೈಯಿಂದಲೇ ಮಾಡಿಸಿ ತಿನ್ನಿಸಿ ನೋಡುತ್ತೇನೆ.

ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅಥವಾ ಎರಡೂ ಪಾದಗಳನ್ನು ಒತ್ತಿದಾಗ ಹೆಬ್ಬೆರಳಿನ ಗುಳಿ ಉಳಿದರೆ ಅದು ತೀವ್ರ ಅಪೌಷ್ಟಿಕತೆ. ಅಂಥ ಮಗುವನ್ನು ಉಪದೇಶ ಹೇಳಿ ಮನೆಗೆ ಕಳಿಸುವಂತಿಲ್ಲ. ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಸೇರಿಸಬೇಕೇ ಎಂದು ವೈದ್ಯರು ಅಂದೇ ನೋಡಬೇಕು. ಬಾವು ಇರುವ ಮಗು ತಕ್ಕಡಿಯಲ್ಲಿ ಭಾರವಾಗಿಯೇ ಕಾಣುವುದರಿಂದ ಪಾದ ಮುಟ್ಟಿ ನೋಡುವುದನ್ನು ನಾನು ಬಿಡುವುದಿಲ್ಲ.

ಗಾತ್ರದ ಮಾತು ಇಷ್ಟು. ಮಗು ಏನೇನು ಕಲಿತಿದೆ ಎಂದು ತಿಳಿಯಲು ಪ್ರಶ್ನೆಪಟ್ಟಿ ಹಿಡಿದು ಕೂತರೆ ತಾಯಂದಿರು ಎಲ್ಲಕ್ಕೂ "ಹೂಂ" ಎನ್ನುತ್ತಾರೆ. ನಾನು ಮಾತಾಡುತ್ತ ನೋಡುತ್ತೇನೆ. ಬೆನ್ನ ಹಿಂದೆ ಬಳೆ ಸದ್ದು ಮಾಡಿದರೆ ತಿರುಗುತ್ತದೆಯೇ? ಮುಖದ ಮೇಲೆ ಕರವಸ್ತ್ರ ಹಾಕಿದರೆ ಎಳೆದುಹಾಕುತ್ತದೆಯೇ? ನನ್ನ ಅಂಗೈಯಲ್ಲಿ ಒಂದೇ ಒಂದು ಮಂಡಕ್ಕಿ ಇಟ್ಟು ಚಾಚುತ್ತೇನೆ. ಆರು ತಿಂಗಳ ಮಗು ಇಡೀ ಅಂಗೈಯಿಂದ ಬಾಚಲು ನೋಡುತ್ತದೆ. ಹತ್ತು ತಿಂಗಳಿನದು ಒಂದು ಕ್ಷಣ ದಿಟ್ಟಿಸಿ, ತೋರುಬೆರಳು ಹೆಬ್ಬೆರಳು ಜೋಡಿಸಿ, ಹೂ ಬಿಡಿಸುವವರ ಹಾಗೆ ಎತ್ತಿಕೊಳ್ಳುತ್ತದೆ. (ಬಾಯಿಗೆ ಹೋಗುವ ಮೊದಲೇ ಅದನ್ನು ವಾಪಸು ಪಡೆಯುವ ಚುರುಕು ನರ್ಸಿಗೆ ಇರಬೇಕು.) ಹಿಡಿತ ಬರುವುದು ತೋಳಿನಿಂದ ಬೆರಳಿಗೆ, ಮೈಯ ಬಲ ಇಳಿಯುವುದು ಕತ್ತಿನಿಂದ ಕಾಲಿಗೆ. ಕತ್ತು ನಿಲ್ಲದ ಮಗುವನ್ನು ದಿಂಬು ಕೊಟ್ಟು ಕೂರಿಸಿ ಫೋಟೋ ತೆಗೆಸಿಕೊಳ್ಳುವುದಕ್ಕೂ, ಕೂತ ಕೂಡಲೇ ವಾಕರ್ ತಂದುಕೊಡುವ ಸೋದರಮಾವಂದಿರಿಗೂ ನನ್ನ ವಿರೋಧವಿದೆ. ವಾಕರಿನಿಂದ ನಡಿಗೆ ಬೇಗ ಬರುವುದಿಲ್ಲ, ಮೆಟ್ಟಿಲಿಂದ ಉರುಳಿ ತಲೆಗೆ ಪೆಟ್ಟಾಗುವುದು ಮಾತ್ರ ಬೇಗ.

ಅವಧಿಗೆ ಮುನ್ನ ಹುಟ್ಟಿದವರ ವಯಸ್ಸನ್ನು ಎರಡು ವರ್ಷದವರೆಗೆ ತಿದ್ದಿಕೊಂಡು ನೋಡಬೇಕು. ಎರಡು ತಿಂಗಳು ಮುಂಚೆ ಬಂದ ಮಗು ಎಂಟು ತಿಂಗಳಿಗೆ ಕೂರದಿದ್ದರೆ ನಾನು ಗಾಬರಿ ಹುಟ್ಟಿಸುವುದಿಲ್ಲ. ಅದಕ್ಕೆ ಆರು ತಿಂಗಳ ಲೆಕ್ಕ. ನಡಿಗೆಯೂ ಒಂದು ಮಗುವಿಗೆ ಹನ್ನೊಂದಕ್ಕೆ ಬಂದರೆ ಇನ್ನೊಂದಕ್ಕೆ ಹದಿನೈದಕ್ಕೆ ಬರಬಹುದು. ಐದು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಹದಿನೆಂಟು ತಿಂಗಳಾದರೂ ನಡೆಯದಿದ್ದರೆ ಕಾಯುವಂತಿಲ್ಲ, ಜಿಲ್ಲಾ ಆಸ್ಪತ್ರೆಯಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ನಡೆಯುವ ಕೇಂದ್ರಕ್ಕೆ ಕಳಿಸಬೇಕು. ಎಲ್ಲಕ್ಕಿಂತ ತುರ್ತು, ಬಂದಿದ್ದ ವಿದ್ಯೆ ಹೋಗುವುದು. "ಅತ್ತೆ, ತಾತ ಎನ್ನುತ್ತಿದ್ದ, ಈಗ ಎರಡು ತಿಂಗಳಿಂದ ಮಾತೇ ಇಲ್ಲ" ಎಂದು ತಾಯಿ ಹೇಳಿದರೆ ಅಂದೇ ವೈದ್ಯರ ಮುಂದೆ ಕೂರಿಸುತ್ತೇನೆ.

ಅದಕ್ಕಾಗಿಯೇ ಡಿಸ್ಚಾರ್ಜ್ ಚೀಟಿಯಲ್ಲಿ ತೂಕದ ಕೆಳಗೆ ಒಂದು ಸಾಲು ಸೇರಿಸುತ್ತೇನೆ: "ಆಸರೆಯಿಲ್ಲದೆ ಕೂರುತ್ತಾನೆ, ಹೆಸರಿಗೆ ತಿರುಗುತ್ತಾನೆ, ಎರಡು ಬೆರಳ ಹಿಡಿತ ಇನ್ನೂ ಇಲ್ಲ." ಮುಂದಿನ ಸಲ ಯಾರ ಡ್ಯೂಟಿ ಇದ್ದರೂ ಅವರಿಗೆ ಹೋಲಿಸಿ ನೋಡಲು ಅಷ್ಟು ಸಾಕು.