ಇಸಿಟಿ ಮುಗಿದ ಮೇಲಿನ ಆರು ತಿಂಗಳು: ಮಲೆನಾಡಿನಲ್ಲಿ ಲಿಥಿಯಂ ನಡೆಸಿದ ನನ್ನ ಅನುಭವ

ತೀವ್ರ ಖಿನ್ನತೆಗೆ ಇಸಿಟಿ (ಅರಿವಳಿಕೆ ಕೊಟ್ಟು, ಮೆದುಳಿಗೆ ಕರೆಂಟು ಹಾಯಿಸಿ ಸೆಳವು ಬರಿಸುವ ಚಿಕಿತ್ಸೆ) ಮುಗಿದ ಮೇಲೆ, ಕಾಯಿಲೆ ಮರಳದಿರಲೆಂದು ಕೊಡುವ ಲಿಥಿಯಂ ಮಾತ್ರೆ ಮಲೆನಾಡಿನಲ್ಲಿ ನಡೆಯುವುದಿಲ್ಲ ಎಂದು ಹಿರಿಯ ಸಹೋದ್ಯೋಗಿಗಳು ಹೇಳುತ್ತಲೇ ಇದ್ದರು. ಹೊಸನಗರದ ಆಚೆಯಿಂದ ಯಾರೂ ರಕ್ತಪರೀಕ್ಷೆಗೆಂದು ಶಿವಮೊಗ್ಗಕ್ಕೆ ಬರುವುದಿಲ್ಲ, ಮಳೆಗಾಲದಲ್ಲಿ ಭೇದಿ ಹತ್ತಿದರೆ ಮಾತ್ರೆಯೇ ವಿಷವಾಗುತ್ತದೆ, ಎಂಟು ಇಸಿಟಿ ಕೊಟ್ಟು ಎಸ್ಸಿಟಾಲೋಪ್ರಾಮ್ ಎಂಬ ಖಿನ್ನತೆಯ ಮಾತ್ರೆ ಬರೆದು ಕಳಿಸುವುದೇ ಕ್ಷೇಮ ಎಂಬುದು ಅವರ ವಾದ. ನಾಲ್ಕು ಮಳೆಗಾಲ ದಾಟಿದೆ. ನಡೆಯುತ್ತಿದೆ, ಚೆನ್ನಾಗಿಯೇ ನಡೆಯುತ್ತಿದೆ. ತೀರ್ಥಹಳ್ಳಿ, ಸಾಗರ, ಕೊಪ್ಪದ ಕಡೆ ಇದೇ ಕೆಲಸದಲ್ಲಿರುವವರಿಗಾಗಿ ಬರೆಯುತ್ತಿದ್ದೇನೆ.

ಇಸಿಟಿಯ ಬಲದ ಬಗ್ಗೆ ನಮ್ಮೊಳಗೆ ಜಗಳವಿಲ್ಲ. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ (ಎಂಆರ್‌ಸಿ) 1965ರ ಪ್ರಯೋಗದಲ್ಲೇ ಅದು ಇಮಿಪ್ರಮಿನ್, ಫಿನೆಲ್ಜಿನ್ ಎಂಬ ಖಿನ್ನತೆಯ ಮಾತ್ರೆಗಳೆರಡಕ್ಕಿಂತ ಮುಂದೆ ನಿಂತಿತ್ತು. ತೊಂದರೆ ಇರುವುದು ಆಮೇಲೆ. ಅಮೆರಿಕದ ಸ್ಯಾಕೈಮ್ ತಂಡ 2001ರಲ್ಲಿ ಪ್ರಕಟಿಸಿದ ಅಂಕಿಗಳು ನನ್ನ ಟೇಬಲ್ಲಿನ ಗಾಜಿನಡಿ ಇವೆ: ಇಸಿಟಿಯಿಂದ ಗುಣವಾದವರಿಗೆ ಬರೀ ಹುಸಿ ಮಾತ್ರೆ ಕೊಟ್ಟಾಗ 24 ವಾರದೊಳಗೆ ಶೇ. 84 ಮಂದಿಗೆ ಕಾಯಿಲೆ ಮರುಕಳಿಸಿತು, ಖಿನ್ನತೆಯ ಮಾತ್ರೆ ನಾರ್ಟ್ರಿಪ್ಟಿಲಿನ್ ಒಂದೇ ಕೊಟ್ಟಾಗ ಶೇ. 60, ಅದರ ಜೊತೆ ಲಿಥಿಯಂ ಸೇರಿಸಿದಾಗ ಶೇ. 39. ಲಿಥಿಯಂ ಹಿಡಿಯುವ ಮೊದಲಿನ ಎರಡು ವರ್ಷ ನಮ್ಮಲ್ಲಿ ಆದದ್ದೂ ಹಾಗೆಯೇ. ರೋಗಿ ಎದ್ದು ಕೂತು ಊಟ ಕೇಳಿದ ದಿನವೇ ಮನೆಯವರು ಚೀಲ ಕಟ್ಟುತ್ತಿದ್ದರು. "ಕರೆಂಟು ಕೊಟ್ಟು ಗುಣ ಆಯ್ತಲ್ಲ ಡಾಕ್ಟ್ರೇ, ಇನ್ನು ಮಾತ್ರೆ ಎಂತಕ್ಕೆ?" ಚಿಕಿತ್ಸೆಯನ್ನು ಅಲ್ಲಿಗೇ ಕಡಿದುಬಿಡುತ್ತಿದ್ದೆವು. ಮೂರು ತಿಂಗಳಿಗೆ ಅದೇ ರೋಗಿ ಅದೇ ಮಂಚದ ಮೇಲೆ.

ಇಸಿಟಿ ಕೋರ್ಸಿನ ವಿಷಯದಲ್ಲಿ ಈ ಭಾಗಕ್ಕೇ ಸೇರಿದ ಕೆಲವು ಎಡವಟ್ಟುಗಳಿವೆ, ಮೊದಲು ಅವನ್ನು ಹೇಳುತ್ತೇನೆ. ಯಂತ್ರ ಇಂಪೀಡೆನ್ಸ್ (ಕರೆಂಟಿಗೆ ಇರುವ ತಡೆ) ಜಾಸ್ತಿ ತೋರಿಸಿದರೆ ಕೇಬಲ್ ಬದಲಿಸಲು ಹೋಗಬೇಡಿ, ತಲೆ ಮುಟ್ಟಿ ನೋಡಿ. ಕೊಬ್ಬರಿ ಎಣ್ಣೆ ಕೂದಲ ಬುಡದವರೆಗೂ ಇಳಿದಿರುತ್ತದೆ. ಹಿಂದಿನ ಸಂಜೆ ಸೀಗೆಪುಡಿ ಹಾಕಿ ತಲೆಸ್ನಾನ, ಆಮೇಲೆ ಎಣ್ಣೆ ಮುಟ್ಟುವಂತಿಲ್ಲ. ಹಣೆಯ ವಿಭೂತಿ, ಗಂಧವನ್ನೂ ಒರೆಸಬೇಕು. ಸ್ಪಿರಿಟ್‌ನಲ್ಲಿ ಉಜ್ಜಿದರೆ ಪೂರ್ತಿ ಒಣಗುವವರೆಗೆ ಕಾಯಿರಿ, ಹಸಿ ಇದ್ದರೆ ಚರ್ಮ ಸುಡುತ್ತದೆ. ಮಳೆಗಾಲದ ಥಂಡಿಯಲ್ಲಿ ಅದು ಒಣಗಲು ನಿಮ್ಮ ಅಂದಾಜಿಗಿಂತ ಎರಡರಷ್ಟು ಹೊತ್ತು ಹಿಡಿಯುತ್ತದೆ. ನಾನು ಈಗ ಸಲೈನಿನಲ್ಲೇ ಉಜ್ಜಿ, ಜೆಲ್ ಹಚ್ಚುತ್ತೇನೆ.

ಇಸಿಟಿಗೆ ಮೊದಲಿನ ಉಪವಾಸ ಎಂದರೆ ಕವಳವೂ (ಎಲೆಅಡಿಕೆ) ಇಲ್ಲ ಎಂದು ಬಿಡಿಸಿ ಹೇಳಬೇಕು, ಕವಳವನ್ನು ಇಲ್ಲಿ ಯಾರೂ ಆಹಾರದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದಕ್ಕಿಂತ ಮುಖ್ಯ, ಮೊದಲ ದಿನವೇ ಬಾಯಿ ತೆಗೆಸಿ ಬೆರಳಿಟ್ಟು ಅಳೆಯಿರಿ. ವರ್ಷಗಟ್ಟಲೆ ಅಡಿಕೆ ಜಗಿದವರಲ್ಲಿ ಕೆನ್ನೆಯ ಒಳಪದರ ಗಟ್ಟಿಯಾಗಿ ಎರಡು ಬೆರಳೂ ಹೋಗದಿರಬಹುದು. ಅಂಥವರಿಗೆ ಸೆಳವಿನಲ್ಲಿ ಹಲ್ಲು, ನಾಲಿಗೆ ಕಾಯುವ ಬೈಟ್ ಬ್ಲಾಕ್ ಕೂರುವುದಿಲ್ಲ, ಉಸಿರಿಗೆ ಟ್ಯೂಬ್ ಹಾಕಬೇಕಾಗಿ ಬಂದರೆ ಅರಿವಳಿಕೆಯವರ ಕೈ ಕಟ್ಟಿದಂತೆ. ತೆಳು ರಬ್ಬರಿನ ಬ್ಲಾಕ್ ಬೇರೆ ಇಟ್ಟುಕೊಂಡಿದ್ದೇನೆ.

ಇನ್ನೊಂದು ಜೀವದ ಪ್ರಶ್ನೆ. ತೋಟದ ಔಷಧಿ ಕುಡಿದು ಬದುಕಿ ಉಳಿದವರು ನಮ್ಮ ಕೈಗೆ ಬರುತ್ತಾರೆ. ಅದು ಆರ್ಗನೋಫಾಸ್ಫರಸ್ ಜಾತಿಯ ಕೀಟನಾಶಕವಾಗಿದ್ದರೆ ರಕ್ತದ ಕೋಲಿನೆಸ್ಟರೇಸ್ ಕಿಣ್ವ ಇಳಿದಿರುತ್ತದೆ, ಇಸಿಟಿಗೆ ಮೊದಲು ಸ್ನಾಯು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್ ಬೇಗ ಒಡೆಯುವುದಿಲ್ಲ. ಐದು ನಿಮಿಷಕ್ಕೆ ಬರಬೇಕಾದ ಉಸಿರು ಗಂಟೆ ದಾಟಿದರೂ ಬಾರದಿರಬಹುದು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಮೈಲುತುತ್ತ ಮತ್ತು ಸುಣ್ಣದ್ದು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಯಾವ ಬಾಟಲಿ ಎಂದು ಕೇಳಿ, ಸಿಕ್ಕರೆ ತರಿಸಿ ನೋಡಿ, ಕೋಲಿನೆಸ್ಟರೇಸ್ ಪರೀಕ್ಷೆ ಮಾಡಿಸಿ. ಕಾಯಲು ಆಗುವಂತಿದ್ದರೆ ನಾಲ್ಕರಿಂದ ಆರು ವಾರ ಕಾಯುತ್ತೇನೆ. ಅನ್ನ ನೀರು ಬಿಟ್ಟವರಿಗೆ ಅಷ್ಟು ಸಮಯವಿಲ್ಲ, ಅಲ್ಲಿ ಸ್ನಾಯು ಸಡಿಲಿಸಲು ಬದಲಿಗೆ ಅಟ್ರಾಕ್ಯೂರಿಯಂ ಬಳಸುತ್ತೇವೆ, ಅರ್ಧ ಗಂಟೆಗೂ ಹೆಚ್ಚು ಉಸಿರು ಕೊಡುವ ಸಿದ್ಧತೆಯೊಂದಿಗೆ. ಅದರ ಪರಿಣಾಮ ಇಳಿಸಲು ನಿಯೋಸ್ಟಿಗ್ಮಿನ್ ಕೊಡುವಾಗಲೂ ಈ ಹಿನ್ನೆಲೆ ಅರಿವಳಿಕೆಯವರಿಗೆ ಗೊತ್ತಿರಲೇಬೇಕು, ಅದೂ ಆ ಕಿಣ್ವವನ್ನೇ ತಡೆಯುವ ಔಷಧಿ.

ಉಳಿದದ್ದು ನಿಮಗೆ ಗೊತ್ತಿರುವುದೇ. ಎದೆಬಡಿತ ಇಳಿಯದಿರಲು ಗ್ಲೈಕೋಪೈರೋಲೇಟ್ 0.2 ಮಿ.ಗ್ರಾಂ, ನಿದ್ದೆಗೆ ಥಯೋಪೆಂಟೋನ್ ಕೆ.ಜಿ.ಗೆ 3 ಮಿ.ಗ್ರಾಂ ಆಸುಪಾಸು, ಸೆಳವು ಪಾದದಲ್ಲಿ ಕಾಣಲೆಂದು ಕಾಲಿಗೆ ಪಟ್ಟಿ ಕಟ್ಟಿ ಉಬ್ಬಿಸಿದ ಮೇಲೆ ಸಕ್ಸಿನೈಲ್ ಕೆ.ಜಿ.ಗೆ 0.5ರಿಂದ 1 ಮಿ.ಗ್ರಾಂ. ಸೆಳವು ಬರಿಸುವ ಕನಿಷ್ಠ ಕರೆಂಟು, ಅಂದರೆ ಥ್ರೆಶೋಲ್ಡ್ ಅಳೆಯುವ ಟೈಟ್ರೇಶನ್ ದಿನ 30, 60, 120 ಮಿಲಿಕೂಲಂ ಎಂದು ಏರುತ್ತೇನೆ, ಮೂರು ಸಲಕ್ಕಿಂತ ಹೆಚ್ಚಿಲ್ಲ. ಸೆಳವು ಬಾರದ ಹೊಡೆತ ಬರೀ ವೇಗಸ್ ನರವನ್ನು ಕೆಣಕಿ ಎದೆಬಡಿತ ನಿಲ್ಲಿಸಬಹುದು, ಆ ದಿನ ಗ್ಲೈಕೋ ಬಿಡಲೇಬಾರದು. ಬಲಬದಿಗೆ ಮಾತ್ರ ಕೊಡುವುದಾದರೆ ಥ್ರೆಶೋಲ್ಡಿನ ಆರು ಪಟ್ಟು ಬೇಕು. ಅರವತ್ತು ದಾಟಿದ ಗಂಡಸರಿಗೆ ಥ್ರೆಶೋಲ್ಡೇ 120 ಬಂದರೆ ಆರು ಪಟ್ಟು 720 ಆಯಿತು, ನನ್ನ ಯಂತ್ರದ ತುತ್ತತುದಿ 540. ನಾನು ಮೊದಲು ಇಷ್ಟು ಸಾಕು ಎಂದು 540ಕ್ಕೇ ನಿಂತು ಆರು ಇಸಿಟಿ ವ್ಯರ್ಥ ಮಾಡಿದ್ದಿದೆ. ಈಗ ಅಂಥವರಿಗೆ ಮೊದಲ ದಿನವೇ ಎರಡೂ ಬದಿ, ಒಂದೂವರೆ ಪಟ್ಟು. ಬೇರೆ ಕಡೆಯಿಂದ ಆತಂಕ, ನಿದ್ದೆಗೆಂದು ಕ್ಲೋನಾಜೆಪಾಮ್ ನುಂಗಿಕೊಂಡು ಬಂದವರಲ್ಲಿ ಥ್ರೆಶೋಲ್ಡ್ ಸುಳ್ಳೇ ಏರಿರುತ್ತದೆ, ಅದನ್ನು ಇಳಿಸದೆ ಅಳೆದು ಪ್ರಯೋಜನವಿಲ್ಲ. ಸೆಳವು ಗಿಡ್ಡವಾದರೆ ಕರೆಂಟು ಏರಿಸುವ ಮೊದಲು ಅರ್ಧ ನಿಮಿಷ ಚುರುಕಾಗಿ ಆಮ್ಲಜನಕ ಒತ್ತಿಸಿ ನೋಡಿ. ಹಾರ್ಟ್ ಬ್ಲಾಕ್ ಇರುವ ಮುದುಕರಿಗೆ ನಮ್ಮ ಅರಿವಳಿಕೆಯವರು ಮಾಡುವ ಒಂದು ಜೋಡಣೆ ಇದೆ, ಅದು ಅವರ ಕೈಗುಣ, ನಾನು ಇಲ್ಲಿ ಬರೆಯುವುದಿಲ್ಲ.

ಎಚ್ಚರವಾದ ಮೇಲೆ ಹೆಸರು, ಊರು, ವಯಸ್ಸು, ಹುಟ್ಟಿದ ದಿನ, ವಾರ ಕೇಳುವ ಕ್ರಮವಿದೆಯಷ್ಟೆ. ನಮ್ಮ ಹಿರಿಯರಿಗೆ ಹುಟ್ಟಿದ ದಿನ ಮೊದಲೇ ಗೊತ್ತಿರುವುದಿಲ್ಲ, ಬದಲಿಗೆ ಅವರ ಊರಿನ ಸಂತೆ ಯಾವ ವಾರ ಎಂದು ಕೇಳುತ್ತೇನೆ. ಸರಿಯುತ್ತರ ಬರಲು ಪ್ರತಿ ಸಲ ಹೆಚ್ಚು ಹೊತ್ತು ಹಿಡಿಯುತ್ತಾ ಹೋದರೆ ನೆನಪಿಗೆ ಪೆಟ್ಟು ಬೀಳುತ್ತಿದೆ ಎಂದೇ ಅರ್ಥ, ಅಂತರ ಹೆಚ್ಚಿಸಿ.

ಈಗ ಲಿಥಿಯಂ. ನಾರ್ಟ್ರಿಪ್ಟಿಲಿನ್ 25 ಮಿ.ಗ್ರಾಂ ಅನ್ನು ಇಸಿಜಿ ನೋಡಿ ಎರಡನೇ ಇಸಿಟಿಯ ಹೊತ್ತಿಗೇ ಶುರುಮಾಡಿ 75ಕ್ಕೆ ಒಯ್ಯುತ್ತೇನೆ. ಜೊತೆಯಲ್ಲೇ ಕೊಟ್ಟರೆ ಫಲ ಹೆಚ್ಚು, ನೆನಪಿನ ತೊಂದರೆಯೂ ಕಡಿಮೆ ಎಂದು 2009ರ ಅಧ್ಯಯನವೊಂದರಲ್ಲಿ ಬಂದದ್ದು ನನ್ನ ಕಣ್ಣಿಗೂ ಕಂಡಿದೆ. ಲಿಥಿಯಂ ಮಾತ್ರ ಕೋರ್ಸ್ ಮುಗಿಯುವವರೆಗೆ ಬೇಡ, ಎರಡೂ ಒಟ್ಟಿಗಿದ್ದರೆ ಗೊಂದಲ, ಉದ್ದನೆಯ ಸೆಳವು ಬರಬಹುದು. ಆಮೇಲೆ ರಾತ್ರಿ 300 ಮಿ.ಗ್ರಾಂ, ಮೂರನೇ ದಿನದಿಂದ 600, ಒಂದು ವಾರವಾದ ಮೇಲೆ ಲೆವೆಲ್, ಅಂದರೆ ರಕ್ತದಲ್ಲಿನ ಲಿಥಿಯಂ ಅಳತೆ. ಗುರಿ ಲೀಟರಿಗೆ 0.6ರಿಂದ 0.8 ಮಿಲಿಮೋಲ್. ಕ್ರಿಯಾಟಿನಿನ್ (ಮೂತ್ರಪಿಂಡಕ್ಕೆ), ಟಿಎಸ್‌ಎಚ್ (ಥೈರಾಯ್ಡಿಗೆ) ಮೊದಲೇ ನೋಡಿರಬೇಕು.

ಮಾತ್ರೆ ನುಂಗುವುದಕ್ಕೂ ಲೆವೆಲ್‌ಗೆ ರಕ್ತ ಕೊಡುವುದಕ್ಕೂ ಹನ್ನೆರಡು ಗಂಟೆಯ ಅಂತರ ಬೇಕು. ಇಲ್ಲೇ ನಾನು ವರ್ಷ ಕಳೆದುಕೊಂಡೆ. ಎಂಟಕ್ಕೆ ಮಾತ್ರೆ ತಗೊಳ್ಳಿ, ಬೆಳಿಗ್ಗೆ ಎಂಟಕ್ಕೆ ಬನ್ನಿ ಎಂದರೆ ಬರುವುದು ಹೇಗೆ? ಬಸ್ಸಿನ ವೇಳೆ ಕೇಳಿಕೊಂಡು ಹಿಂದಕ್ಕೆ ಎಣಿಸಿದೆ. ಮೊದಲ ಬಸ್ಸು ಹತ್ತಿದವರು ಒಂಬತ್ತರ ಸುಮಾರಿಗೆ ಲ್ಯಾಬ್ ಮುಟ್ಟುವುದಾದರೆ ರಾತ್ರಿ ಒಂಬತ್ತಕ್ಕೆ ಮಾತ್ರೆ. ಮಧ್ಯಾಹ್ನ ಬರುವವರ ಲೆವೆಲ್ಲನ್ನು ನಾನು ಓದುವುದೇ ಇಲ್ಲ, ಅದು ಕಡಿಮೆ ತೋರಿಸಿ ನಮ್ಮಿಂದ ಡೋಸ್ ಏರಿಸುತ್ತದೆ.

ಲಿಥಿಯಂ ಶುರುಮಾಡಿದ ಎರಡನೇ ವರ್ಷ ಸಾಲಾಗಿ ಮೂರ್ನಾಲ್ಕು ಜನರ ಲೆವೆಲ್ ಎರಡರ ಮೇಲೆ ಬಂತು. ಕೈನಡುಕ ಇಲ್ಲ, ತೊದಲು ಇಲ್ಲ, ನಡಿಗೆ ನೆಟ್ಟಗಿದೆ. ಗಾಬರಿಯಲ್ಲಿ ಎಲ್ಲರ ಮಾತ್ರೆ ನಿಲ್ಲಿಸಿದೆ, ಒಬ್ಬರಿಗೆ ಕಾಯಿಲೆ ಮರಳಿತು. ಆಮೇಲೆ ಗೊತ್ತಾದದ್ದು, ರಕ್ತ ತೆಗೆದದ್ದು ಹಸಿರು ಮುಚ್ಚಳದ ಟ್ಯೂಬಿಗೆ. ಅದರೊಳಗಿನ ಹೆಪ್ಪುತಡೆ ಲಿಥಿಯಂ ಹೆಪಾರಿನ್! ಅಳೆದದ್ದು ಟ್ಯೂಬಿನ ಲಿಥಿಯಂ. ಚೀಟಿಯ ಮೇಲೆ 'ಕೆಂಪು ಮುಚ್ಚಳ' ಎಂದು ದೊಡ್ಡದಾಗಿ ನಾನೇ ಬರೆದು ಕೊಡುತ್ತೇನೆ ಈಗ. ಈ ಒಂದು ಮಾತಿಗಾಗಿಯಾದರೂ ನೀವು ಇಷ್ಟು ಓದಿದ್ದು ಸಾರ್ಥಕ.

ಭೇದಿಗಿಂತ ನನಗೆ ಹೆಚ್ಚು ಕಾಟ ಕೊಟ್ಟದ್ದು ನೋವಿನ ಮಾತ್ರೆ. ಅಡಿಕೆಯ ಕೊನೆಕೊಯ್ಲು ಶುರುವಾದರೆ ಸೊಂಟನೋವು, ಅಂಗಡಿಯ ಡೈಕ್ಲೋಫೆನಾಕ್, ಲೆವೆಲ್ ಏರಿಕೆ. ನೋವಿಗೆ ಪ್ಯಾರಾಸಿಟಮಾಲ್ ಮಾತ್ರ ಎಂದು ಕಾರ್ಡಿನಲ್ಲಿ ಬರೆದಿದೆ. ಬಿಪಿಗೆ ಟೆಲ್ಮಿಸಾರ್ಟನ್ ಜೊತೆ ಹೈಡ್ರೋಕ್ಲೋರೋಥಯಾಜೈಡ್ ಇರುವ ಜೋಡಿಮಾತ್ರೆ ನುಂಗುತ್ತಿದ್ದರೆ ಅದನ್ನು ಬದಲಿಸದೆ ಲಿಥಿಯಂ ಶುರುಮಾಡಬೇಡಿ. ವಾಂತಿ ಭೇದಿಯಾದ ದಿನ ಮಾತ್ರೆ ಇಲ್ಲ, ಉಪ್ಪು ಹಾಕಿದ ಗಂಜಿ, ನಮಗೆ ಫೋನ್. ಇಷ್ಟು ಹೇಳಿದರೆ ನಮ್ಮ ಜನ ಚಾಚೂ ತಪ್ಪದೆ ಪಾಲಿಸುತ್ತಾರೆ. ಮಾತ್ರೆ ಮನೆಯವರ ಬೀಗದೊಳಗೆ, ಒಮ್ಮೆಗೆ ಹತ್ತು ದಿನದ್ದಷ್ಟೇ. ನಾರ್ಟ್ರಿಪ್ಟಿಲಿನ್ ಒಂದೇ ಸಲಕ್ಕೆ ರಾಶಿ ನುಂಗಿದರೆ ಹೃದಯ ನಿಲ್ಲಬಹುದು.

ಮಾತ್ರೆಯ ಜೊತೆ ಇಸಿಟಿಯನ್ನೂ ಒಮ್ಮೆಲೇ ಕಡಿಯುವುದಿಲ್ಲ. ಕೆಲ್ನರ್ ತಂಡ 2006ರ ಅಧ್ಯಯನದಲ್ಲಿ ಬಳಸಿದ ಕ್ರಮ ವಾರಕ್ಕೊಂದರಂತೆ ನಾಲ್ಕು, ಹದಿನೈದು ದಿನಕ್ಕೊಂದರಂತೆ ನಾಲ್ಕು, ತಿಂಗಳಿಗೊಂದರಂತೆ ಎರಡು. ಅಲ್ಲಿ ಮುಂದುವರಿಸಿದ ಇಸಿಟಿಯೂ ಮಾತ್ರೆಜೋಡಿಯೂ ಹೆಚ್ಚುಕಮ್ಮಿ ಸಮಸಮ ನಿಂತವು. ಎರಡನ್ನೂ ಸೇರಿಸುವುದು ನನ್ನ ದಾರಿ, ಹತ್ತರ ಬದಲು ಐದಾರು ಸರದಿಯಲ್ಲಿ ಮುಗಿಸುತ್ತೇನೆ. ಸರದಿಯ ಹಿಂದಿನ ರಾತ್ರಿ ಲಿಥಿಯಂ ಇಲ್ಲ. ಕೊನೆಯ ಸರದಿಗಳಿಗೆ ಜನ ತಪ್ಪದೆ ಬರುವ ಹಾಗೆ ಮಾಡುವ ಉಪಾಯವೊಂದಿದೆ, ಅದು ಸದ್ಯ ನನ್ನಲ್ಲೇ ಇರಲಿ.

ದುಡ್ಡಿನ ಮಾತು. ಯಂತ್ರಕ್ಕೆ ಎರಡೂವರೆ ಲಕ್ಷದ ಹತ್ತಿರ ಹೋಯಿತು. ಅಗ್ಗಕ್ಕೆ ಸಿಕ್ಕಿತೆಂದು ಹಾಕಿದ ಸ್ಕ್ವೇರ್ ವೇವ್ ಇನ್ವರ್ಟರ್ ಮೆದುಳಿನ ಅಲೆ ತೋರಿಸುವ ಇಇಜಿಯನ್ನು ಬರೀ ಗೀಚುಗೆರೆ ಮಾಡಿತು, ಶುದ್ಧ ಸೈನ್ ವೇವ್ ಯುಪಿಎಸ್‌ಗೆ, ಅರ್ತಿಂಗಿಗೆ ಮತ್ತೆ ಮೂವತ್ತು ಸಾವಿರ ಚಿಲ್ಲರೆ. ಒಂದು ಸರದಿಗೆ ಅರಿವಳಿಕೆಯವರದು ಸೇರಿ ರೋಗಿಗೆ ಎರಡೂವರೆ ಸಾವಿರ ಬೀಳುತ್ತದೆ. ಮರುಕಳಿಸಿದರೆ ಎಂಟು ಇಸಿಟಿ, ವಾರ್ಡ್ ಬಾಡಿಗೆ, ಜೊತೆಗಿದ್ದವರ ಕೂಲಿ ನಷ್ಟ ಸೇರಿ ಮೂವತ್ತು ಸಾವಿರ ದಾಟುತ್ತದೆ. ಆರು ತಿಂಗಳ ಮಾತ್ರೆ, ಪರೀಕ್ಷೆ ಐದಾರು ಸಾವಿರ, ಉಳಿಸಿಕೊಳ್ಳುವ ಐದಾರು ಸರದಿ ಸೇರಿದರೂ ಇಪ್ಪತ್ತು ಸಾವಿರದ ಆಸುಪಾಸು. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಲು ಶುರುಮಾಡಿದ ಮೇಲೆ ನಡುವೆ ಬಿಡುವವರು ಎಷ್ಟೋ ಕಡಿಮೆಯಾದರು.

ನಡುವೆ ಇಸಿಟಿಯ ಬದಲಿಗೆ ಅರಿವಳಿಕೆಯ ಔಷಧಿ ಕೆಟಮಿನ್ ಕೂಡ ಹಿಡಿದು ನೋಡಿದೆ, ಕೆ.ಜಿ.ಗೆ 0.5 ಮಿ.ಗ್ರಾಂ, ನಲವತ್ತು ನಿಮಿಷದ ಡ್ರಿಪ್. ಭ್ರಮೆ ಇಲ್ಲದವರಲ್ಲಿ ಅದು ಇಸಿಟಿಗೆ ಕಡಿಮೆಯಿಲ್ಲ ಎಂದು 2023ರ ಅಮೆರಿಕದ ಅಧ್ಯಯನ, ಇಸಿಟಿಯೇ ಮೇಲು ಎಂದು 2022ರ ಸ್ವೀಡನ್ನಿನದು. ನನಗೆ ಕಂಡದ್ದು ಇಷ್ಟು: ಎರಡನೇ ದಿನಕ್ಕೇ ಮುಖ ಅರಳುತ್ತದೆ, ಹತ್ತು ದಿನಕ್ಕೆ ಬಾಡುತ್ತದೆ, ಹೊಸನಗರದಿಂದ ವಾರಕ್ಕೆರಡು ಸಲ ಬರುವವರು ಯಾರು? ಆಸ್ಪತ್ರೆಯ ಪಕ್ಕದಲ್ಲೇ ಮನೆ ಇರುವವರಿಗೆ ಮಾತ್ರ ಇಟ್ಟುಕೊಂಡಿದ್ದೇನೆ. ಯೋಗದ ಬಗ್ಗೆ ಕೇಳುವವರಿಗೆ ನಿಮ್ಹಾನ್ಸ್‌ನ 2000ದ ಅಂಕಿ ಹೇಳುತ್ತೇನೆ: ನಾಲ್ಕು ವಾರಕ್ಕೆ ಗುಣವಾದವರು ಇಸಿಟಿಯಲ್ಲಿ ಶೇ. 93, ಇಮಿಪ್ರಮಿನ್‌ನಲ್ಲಿ 73, ಸುದರ್ಶನ ಕ್ರಿಯೆ ಎಂಬ ಉಸಿರಾಟದ ಯೋಗದಲ್ಲಿ 67. ಬೇಕಾದವರು ಮಾಡಲಿ, ಮಾತ್ರೆ ಬಿಡದೆ.

ಲಿಥಿಯಂ ನಿಲ್ಲಿಸುವ ಕಾಲ ಬಂದಾಗ ನಾನು ಆಷಾಢದಲ್ಲೂ ಸುಗ್ಗಿಯಲ್ಲೂ ಕೈಹಾಕುವುದಿಲ್ಲ. ಅಡಿಕೆ ಸುಲಿದು ಮಂಡಿಗೆ ಹೋಗಿ ಮನೆ ಹಗುರಾದ ಮೇಲೆ, ಫೆಬ್ರುವರಿ ದಾಟಿ, ತಿಂಗಳಿಗೆ 150 ಮಿ.ಗ್ರಾಂನಂತೆ ಇಳಿಸುತ್ತೇನೆ. ಮೊದಲ ಮಳೆ ಬೀಳುವ ಹೊತ್ತಿಗೆ ಒಮ್ಮೆ ಕರೆಸಿ ನೋಡುತ್ತೇನೆ.